ದೊಡ್ಡ ಮಳಿಗೆ ಹೋದ ಮೇಲೆ

ಓದುಗರ ಪತ್ರ: ಅಮೆರಿಕದ ಉಪನಗರಗಳ ಮಾಲ್‌ಗಳನ್ನು ಆನ್‌ಲೈನ್ ವ್ಯಾಪಾರ ಮುಳುಗಿಸಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಂಥ ಒಂದು ಮಾಲ್‌ನ ಚಪ್ಪಲಿ ಅಂಗಡಿಯಲ್ಲಿ ನಾನು 11 ವರ್ಷ ಕೆಲಸ ಮಾಡಿದ್ದೇನೆ. ನಮಗೆ ವ್ಯಾಪಾರ ಚೆನ್ನಾಗಿಯೇ ಇತ್ತು. ಎದುರಿನ ದೊಡ್ಡ ಮಳಿಗೆ ಮುಚ್ಚಿತು ನೋಡಿ, ಒಂದೂವರೆ ವರ್ಷದಲ್ಲಿ ನಾವೂ ಬಾಗಿಲು ಹಾಕಿದೆವು. ಕೊನೆಯ ವಾರ ಗೋಡೆಯ ಕನ್ನಡಿಗಳನ್ನೂ ಬಿಚ್ಚಿ ಮಾರಿದರು. ಇದಕ್ಕೆ ಏನಂತೀರಿ? ಆ ಖಾಲಿ ಕಟ್ಟಡಗಳ ಗತಿ ಏನು?

ಸಂಪಾದಕರ ಉತ್ತರ: ನೀವು ಹೇಳಿದ್ದೇ ಸರಿ. ಎಲ್ಲವನ್ನೂ ಆನ್‌ಲೈನ್ ತಲೆಗೆ ಕಟ್ಟಿದ್ದು ನಮ್ಮ ತಪ್ಪು. ಇಲಿನಾಯ್ ರಾಜ್ಯದ ಹಾರ್ವಿಯಲ್ಲಿದ್ದ ಡಿಕ್ಸಿ ಸ್ಕ್ವೇರ್ ಮಾಲ್ 1966ರಲ್ಲಿ ತೆರೆದು 1978ಕ್ಕೇ ಮುಚ್ಚಿತು. ಅಮೆಜಾನ್ ಹುಟ್ಟಿದ್ದು 1994ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೂ ಸಾಕಿತ್ತು, ನಾವು ಹಾಗೆ ಬರೆಯುತ್ತಿರಲಿಲ್ಲ.

ನಿಮ್ಮ ಅಂಗಡಿಗೆ ಆದದ್ದರ ಬೇರು ಬಾಡಿಗೆ ಕರಾರಿನಲ್ಲಿದೆ. ಮಾಲ್ ಕಟ್ಟುವವರು ಮೊದಲು ಎರಡು ಮೂರು ದೊಡ್ಡ ಮಳಿಗೆಗಳನ್ನು ಒಪ್ಪಿಸುತ್ತಾರೆ. ಇವನ್ನು ಆ್ಯಂಕರ್ ಅಂತಾರೆ. ಇವು ಬಂದರೆ ಜನ ಬರುತ್ತಾರೆ, ಬ್ಯಾಂಕೂ ಸಾಲ ಕೊಡುತ್ತದೆ. ಹಾಗಾಗಿ ಇವಕ್ಕೆ ಬಾಡಿಗೆ ತೀರಾ ಕಡಿಮೆ. ಎಷ್ಟೋ ಕಡೆ ಕಟ್ಟಡವೇ ಅವರದು. ಮಾಲ್‌ನ ಆದಾಯ ನಿಮ್ಮಂಥ ಸಣ್ಣ ಅಂಗಡಿಗಳಿಂದ. ಆದರೆ ಸಣ್ಣ ಅಂಗಡಿಯವರ ಕರಾರಿನಲ್ಲೂ ಒಂದು ಷರತ್ತು ಇರುವುದು ಜಾಸ್ತಿ: ದೊಡ್ಡ ಮಳಿಗೆ ಹೋದರೆ ನಾವು ಕಡಿಮೆ ಬಾಡಿಗೆ ಕೊಡುತ್ತೇವೆ, ಬೇಡವೆಂದರೆ ಬಿಟ್ಟು ಹೋಗುತ್ತೇವೆ. ಒಂದು ಆ್ಯಂಕರ್ ಹೋದ ಕೂಡಲೇ ಹತ್ತಾರು ಕಡೆ ಬಾಡಿಗೆ ಇಳಿಯುತ್ತದೆ. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ದುರಸ್ತಿ ನಿಲ್ಲುತ್ತದೆ, ಎಸ್ಕಲೇಟರ್ ಕೆಟ್ಟರೆ ಕೆಟ್ಟೇ ಇರುತ್ತದೆ. ಅದನ್ನು ನೋಡಿ ಇನ್ನೊಬ್ಬರು ಹೊರಡುತ್ತಾರೆ. ಎಷ್ಟೋ ಮಾಲ್‌ಗಳ ಆ್ಯಂಕರ್ ಆಗಿದ್ದ ದೊಡ್ಡ ಮಳಿಗೆಗಳ ಸರಣಿಗಳಾದ ಸಿಯರ್ಸ್ 2018ರಲ್ಲಿ, ಜೆಸಿ ಪೆನ್ನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಈ ಏಟು ಒಂದೇ ಸಲಕ್ಕೆ ಎಷ್ಟೋ ಮಾಲ್‌ಗಳಿಗೆ ಬಿತ್ತು. ಆನ್‌ಲೈನ್ ಪಾಲು ಇಲ್ಲಿ ಖಂಡಿತ ಇದೆ. ಅದು ಮೊದಲೇ ಬಿರುಕು ಬಿಟ್ಟಿದ್ದ ಗೋಡೆಯನ್ನು ತಳ್ಳಿತು.

ಬಿರುಕು ಬಿದ್ದದ್ದು ಅಗತ್ಯಕ್ಕಿಂತ ಹೆಚ್ಚು ಕಟ್ಟಿದ್ದರಿಂದ. ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳತಾಗುತ್ತಾ ಅದರ ಬೆಲೆ ಇಳಿಯುವುದನ್ನು, ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಲು 1954ರಲ್ಲಿ ಅಮೆರಿಕದ ಕಾನೂನು ಅವಕಾಶ ಕೊಟ್ಟಿತು. ಹಳೆಯದನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಕಟ್ಟುವುದೇ ಲಾಭವಾಯಿತು. 1956ರಲ್ಲಿ ಮಿನ್ನೆಸೋಟದ ಈಡೈನಾದಲ್ಲಿ ಸೌತ್‌ಡೇಲ್ ಮಾಲ್ ತೆರೆದಾಗ ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯನ್ ಸುತ್ತಲೂ ಮನೆ, ಶಾಲೆ, ಪಾರ್ಕ್ ಬರಲಿ ಎಂದು ಬಯಸಿದ್ದರು. ಬೇರೆಯವರು ನಕಲು ಮಾಡಿದ್ದು ಅಂಗಡಿಗಳನ್ನು ಮತ್ತು ಕಾರು ನಿಲ್ಲಿಸುವ ಜಾಗವನ್ನು, ಅಷ್ಟೇ. ಕೊನೆಗೆ ಗ್ರೂಯನ್ ಅವರೇ ಇವುಗಳಿಗೂ ನನಗೂ ಸಂಬಂಧವಿಲ್ಲ ಎಂದುಬಿಟ್ಟರು. ಅವರ ನೋವು ನನಗೆ ಅರ್ಥವಾಗುತ್ತದೆ.

ಇನ್ನು ಖಾಲಿ ಕಟ್ಟಡಗಳ ವಿಷಯ. ಒಹಾಯೊದ ರ‍್ಯಾಂಡಲ್ ಪಾರ್ಕ್ ಮಾಲ್ 1976ರಲ್ಲಿ ತೆರೆದಾಗ ಎಷ್ಟು ದೊಡ್ಡದಾಗಿತ್ತೆಂದರೆ ಅದಿದ್ದ ಊರೇ ಅದರ ಮುಂದೆ ಚಿಕ್ಕದಾಗಿತ್ತು. 2009ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಈಗ ಆ ಜಾಗದಲ್ಲಿ ಅಮೆಜಾನ್ ಗೋದಾಮು ಇದೆ. ನನಗೆ ಹೆಚ್ಚು ಹಿಡಿಸಿದ್ದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನಡೆದದ್ದು. ಅಲ್ಲಿನ ಹೈಲ್ಯಾಂಡ್ ಮಾಲನ್ನು ಸಮುದಾಯ ಕಾಲೇಜೊಂದು ಕೊಂಡಿತು. ಜೆಸಿ ಪೆನ್ನಿ ಇದ್ದ ಕಟ್ಟಡದಲ್ಲಿ ಈಗ ವಿದ್ಯಾರ್ಥಿಗಳಿಗಾಗಿ 600ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಲಿಕಾ ಕೇಂದ್ರವಿದೆ.

ನಿಮ್ಮಲ್ಲಿ ಒಂದು ಕೋರಿಕೆ. ಆ 11 ವರ್ಷಗಳ ಬಗ್ಗೆ ನಮಗೊಂದು ಲೇಖನ ಬರೆದುಕೊಡಿ. ಕನ್ನಡಿ ಬಿಚ್ಚಿದ ದಿನದಿಂದಲೇ ಶುರು ಮಾಡಿ.