ಕಾಲೇಜಿನ ಕಿಟಕಿಯಲ್ಲೇ ಇದೆ ನಿಮ್ಮ ಲ್ಯಾಬ್

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಾಣಿಗಳ ನಡವಳಿಕೆ ಬಗ್ಗೆ ಸಂಶೋಧನೆ ಮಾಡುವ ಆಸೆ. ಆದರೆ ನಮ್ಮೂರಿಂದ ಕಾಡು ದೂರ, ಕಾಲೇಜಿನಲ್ಲಿ ಹೇಳಿಕೊಳ್ಳುವಂಥ ಲ್ಯಾಬ್ ಇಲ್ಲ. ಕ್ಯಾಮೆರಾ, ರೇಡಿಯೋ ಕಾಲರ್ ಇಲ್ಲದೆ ಏನಾದರೂ ಮಾಡಬಹುದಾ? ಮನೆಯಲ್ಲಿ ‘ಇದರಲ್ಲಿ ಕೆಲಸ ಎಲ್ಲಿದೆ?’ ಅಂತ ಕೇಳುತ್ತಾರೆ.
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಹುಲಿ, ಆನೆ ಬೇಕೆಂದರೆ ಕಾಡಿಗೇ ಹೋಗಬೇಕು. ನಡವಳಿಕೆ ನೋಡೋದಕ್ಕೆ ಅಷ್ಟೆಲ್ಲ ಬೇಡ. ನಿಮ್ಮ ಕಾಲೇಜಿನ ಕಿಟಕಿ ಮೂಲೆ, ಅದರ ಮೇಲಿನ ಸಜ್ಜೆಯ ಅಡಿ ಒಮ್ಮೆ ನೋಡಿ. ಸಣ್ಣ ತೊಟ್ಟಿನಿಂದ ನೇತಾಡುವ, ಕಾಗದದಂಥ ಬೂದು ಗೂಡು ಕಾಣಬಹುದು. ಹೊದಿಕೆ ಇರುವುದಿಲ್ಲ, ಒಳಗಿನ ವ್ಯವಹಾರವೆಲ್ಲ ಬಯಲಿಗೇ. ಅದು ಕಣಜದ ಗೂಡು.

ಅಂಥ ಕಣಜಗಳಲ್ಲಿ ‘ರೋಪಾಲಿಡಿಯಾ ಮಾರ್ಜಿನೇಟಾ’ ಅನ್ನುವ ಒಂದು ಜಾತಿಯ ಬೆನ್ನು ಹತ್ತಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ರಾಘವೇಂದ್ರ ಗದಗ್ಕರ್. ಪ್ರಾಣಿಶಾಸ್ತ್ರ ಓದಿ, 1979ರಲ್ಲಿ ಪಿಎಚ್‌.ಡಿ. ಮುಗಿಸಿದ್ದು ಮಾಲಿಕ್ಯುಲರ್ ಬಯಾಲಜಿಯಲ್ಲಿ, ಅಂದರೆ ಅಣುಮಟ್ಟದ ಜೀವಶಾಸ್ತ್ರದಲ್ಲಿ. ಕಣಜ ನೋಡುವುದು ಆಗ ಬಿಡುವಿನ ಹುಚ್ಚು. ಆಮೇಲೆ ಅದೇ ಕಸುಬಾಯಿತು, 1993ರಲ್ಲಿ ವಿಜ್ಞಾನ ಸಾಧನೆಗೆ ಕೊಡುವ ಭಟ್ನಾಗರ್ ಪ್ರಶಸ್ತಿಯೂ ಬಂತು.

ಅವರ ತಂಡ ಮೊದಲು ಮಾಡಿದ್ದು ಏನು ಗೊತ್ತಾ? ಪ್ರತಿ ಕಣಜದ ಮೈಮೇಲೆ ಬೇಗ ಒಣಗುವ ಪೇಂಟಿನ ಚುಕ್ಕೆ ಇಟ್ಟು ಗುರುತು ಮಾಡಿದ್ದು. ಆಮೇಲೆ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಅಂತ ಬರೆದುಕೊಳ್ಳುವುದು. 1983ರಲ್ಲಿ ಎನ್.ವಿ. ಜೋಶಿ ಅವರ ಜೊತೆ ಪ್ರಕಟಿಸಿದ ಲೆಕ್ಕದಲ್ಲಿ ಮೂರು ಗುಂಪು ಕಂಡವು: ಕೂತೇ ಇರುವವರು, ಜಗಳಗಂಟಿಯರು, ಹೊರಗೆ ದುಡಿಯುವವರು. ಮೊಟ್ಟೆ ಇಡುವ ರಾಣಿ, ಗೂಡನ್ನು ಆಳುವವಳು, ಜಗಳಗಂಟಿಯರಲ್ಲಿ ಇರಬೇಕಿತ್ತು, ಅಲ್ವಾ? ಇರಲಿಲ್ಲ. ಸುಮ್ನೆ ಕೂತವರ ಗುಂಪಿನಲ್ಲಿದ್ದಳು! ಹೊಡೆದು ಬಡಿದು ಆಳುವ ರಾಣಿಯರೂ ಇದ್ದಾರೆ. ಇದರ ಹತ್ತಿರದ ಸಂಬಂಧಿ ‘ಸಯಾಥಿಫಾರ್ಮಿಸ್’ ಜಾತಿಯಲ್ಲಿ ಹಾಗೇ. ಮಾರ್ಜಿನೇಟಾದ ಸಾಧು ರಾಣಿಯ ಹಿಡಿತ ಇರುವುದು ವಾಸನೆಯಲ್ಲಿ. ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ, ‘ನಾನಿದ್ದೇನೆ’ ಅಂತ ತಿಳಿಸುತ್ತಾಳೆ.

ರಾಣಿಯನ್ನು ತೆಗೆದುಬಿಟ್ಟರೆ ನಿಮಿಷಗಳಲ್ಲೇ ಒಬ್ಬ ಕೆಲಸಗಾರ್ತಿ ಸಿಟ್ಟಿಗೇಳುತ್ತಾಳೆ. ಮುಂದಿನ ರಾಣಿ ಅವಳೇ. ವಾರದ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತಾಳೆ. ವಿಚಿತ್ರ ಅಂದರೆ, ರಾಣಿ ಇರುವಾಗ ಎಷ್ಟು ನೋಡಿದರೂ ಮುಂದಿನ ರಾಣಿ ಯಾರು ಅಂತ ನಮಗೆ ಹೇಳಲಾಗುವುದಿಲ್ಲ. ಹಾಗಾದರೆ ಕಣಜಗಳಿಗೆ ಗೊತ್ತಾ?

2008ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಬಲು ಇಷ್ಟ. ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿ ಬಲೆ ಹಾಕಿದರು. ರಾಣಿ ಒಂದು ಕಡೆ. ಇನ್ನೊಂದು ಕಡೆ ಒಬ್ಬಳು ಸಿಟ್ಟಿಗೆದ್ದಳು. ಅವಳನ್ನೂ ರಾಣಿಯನ್ನೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಆ ಕಡೆಯವರೂ ಅವಳನ್ನೇ ಒಪ್ಪಿಕೊಂಡರು. ಉಳಿದವುಗಳಲ್ಲಿ ಬೇರೊಬ್ಬಳು ಎದ್ದಳು, ಮೊದಲನೆಯವಳು ತಣ್ಣಗಾದಳು. ಈ ಎರಡನೆಯವಳನ್ನು ಎರಡೂ ಕಡೆ ಒಪ್ಪಿದರು. ಕಿತ್ತಾಟ ಇಲ್ಲ. ಅಂದರೆ ವಾರಸುದಾರಳು ಯಾರೆಂದು ಅವಕ್ಕೆ ಮೊದಲೇ ಗೊತ್ತು. ಬೇಕಾಗಿದ್ದು ಬಲೆ, ಪೇಂಟು, ಮತ್ತೆ ಒಳ್ಳೆ ಪ್ರಶ್ನೆ. ಕಡಿಮೆ ಖರ್ಚಿನಲ್ಲಿ ವಿಜ್ಞಾನ ಮಾಡಬಹುದು ಅಂತ ಗದಗ್ಕರ್ ಬಹಳ ವರ್ಷಗಳಿಂದ ವಾದಿಸುತ್ತಾ ಬಂದಿರುವುದು ಬರೀ ಮಾತಲ್ಲ.

ನೀವು ಗೂಡು ಕತ್ತರಿಸಲು ಹೋಗಬೇಡಿ. ಗುರುತು ಹಾಕುವುದೂ ಸದ್ಯಕ್ಕೆ ಬೇಡ. ಗಡಿಯಾರ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಗೂಡಿನ ಮೇಲಿರುವ ಪ್ರತಿ ಕಣಜ ಆ ಕ್ಷಣ ಏನು ಮಾಡುತ್ತಿದೆ ಬರೆಯಿರಿ. ಕೂತಿದೆ, ನಡೆಯುತ್ತಿದೆ, ಮರಿಗೆ ಉಣಿಸುತ್ತಿದೆ, ಹೀಗೆ. ಕಣ್ಣಿಗೆ ಬಿದ್ದದ್ದನ್ನಷ್ಟೇ ಬರೆದರೆ ಲೆಕ್ಕ ಕೆಡುತ್ತದೆ: ಜಗಳ ತಾನಾಗೇ ಕಣ್ಣು ಸೆಳೆಯುತ್ತದೆ, ಸುಮ್ನೆ ಕೂತವರು ಬಿಟ್ಟುಹೋಗುತ್ತಾರೆ. ಕೀನ್ಯಾದಲ್ಲಿ ಬಬೂನ್ ಕೋತಿಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲೇ ಇದನ್ನು ವಿವರವಾಗಿ ಬರೆದರು. ಈ ಕ್ಷೇತ್ರದವರು ಈಗಲೂ ಅದನ್ನೇ ಮೊದಲು ಓದುತ್ತಾರೆ. ಕಣಜ ಸಿಗದಿದ್ದರೆ ಇರುವೆ, ಮೈನಾ, ಬೀದಿನಾಯಿ ಯಾವುದಾದರೂ ಆದೀತು.

ಕೆಲಸದ ವಿಷಯ. ಸುಲಭ ಅಂತ ನಾನು ಹೇಳುವುದಿಲ್ಲ. ಸೀಟುಗಳು ಕಡಿಮೆ, ಓದು ಉದ್ದ, ಖಾಯಂ ನೌಕರಿ ಸಿಗುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಆದರೆ ದಾರಿ ಇದೆ. ಬೆಂಗಳೂರಿನಲ್ಲೇ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂ.ಎಸ್ಸಿ., ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಹೊರಗೆ ಐಸರ್‌ಗಳು (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳು), ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆ. ಮನೆಯವರಿಗೆ ಈ ಹೆಸರುಗಳನ್ನು ತೋರಿಸಿ. ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆ ಕಣಜಗಳ ಬಗ್ಗೆ ನೀವು ಬರೆದಿಟ್ಟ ನೋಟ್‌ಪುಸ್ತಕವನ್ನೂ ಇಟ್ಟುಕೊಂಡಿರಿ. ಸಂದರ್ಶನದಲ್ಲಿ ಮಾತಾಡಲು ಅದಕ್ಕಿಂತ ಒಳ್ಳೆ ವಿಷಯ ಸಿಗುವುದಿಲ್ಲ.

ಇನ್ನೊಂದು, ಗೂಡಿನಿಂದ ನಾಲ್ಕು ಹೆಜ್ಜೆ ದೂರವೇ ಕೂರಿ. ಕುಟುಕಿದ ಜಾಗ ಊದಿ ಉರಿಯುವುದು ಸಾಮಾನ್ಯ. ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.