ಆಡಿದವರೆಲ್ಲ ಆಡಿಸಬಲ್ಲರೇ?

ಬ್ಯಾಸ್ಕೆಟ್‌ಬಾಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು ದಾವಣಗೆರೆಯ ಒಬ್ಬ ಮಹಿಳಾ ಕೋಚ್. ರಾಜ್ಯ ತಂಡದಲ್ಲಿ ಆಡಿದ್ದ ಅವರು ಈಗ ಶಾಲಾ ಮಕ್ಕಳಿಗೆ ಆಟ ಕಲಿಸುತ್ತಿದ್ದಾರೆ.

ಪ್ರಶ್ನೆ: ಮೇಡಂ, ನಾನು ಹರಿಹರದವನು. ವಯಸ್ಸು 29. ಯೂನಿವರ್ಸಿಟಿ ಟೀಮಿಗೆ ಪಾಯಿಂಟ್ ಗಾರ್ಡ್ (ತಂಡದ ಆಟ ನಡೆಸುವವನು) ಆಗಿ ಆಡಿದ್ದೇನೆ. ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಮೊದಲಿನ ಹಾಗೆ ಆಡಲು ಇನ್ನು ಆಗುವುದಿಲ್ಲ. ಈಗ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಕೋಚ್ ಆಗಬೇಕು ಅಂತ ತುಂಬಾ ಆಸೆ. ಮನೆಯಲ್ಲಿ ‘ಅದರಿಂದ ಹೊಟ್ಟೆ ತುಂಬುತ್ತಾ?’ ಅಂತ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಖಂಡಿತ ಆಗಿ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಡೋದೇ ಒಂದು ಕೆಲಸ, ಆಡಿಸೋದೇ ಇನ್ನೊಂದು. ಮೊದಲನೆಯದು ಬಂದವರಿಗೆ ಎರಡನೆಯದು ತಾನಾಗಿ ಬರುವುದಿಲ್ಲ. ಕೂತು ಕಲಿಯಬೇಕು.

ಲೇಅಪ್ಪನ್ನೇ ತಗೊಳ್ಳಿ, ಅಂದರೆ ಓಡಿ ಬಂದು ರಿಂಗಿನ ಹತ್ತಿರ ಹಾರಿ ಬಾಲ್ ಹಾಕೋದು. ನಿಮಗೆ ನಿದ್ದೆಗಣ್ಣಲ್ಲೂ ಬರುತ್ತದೆ. ಈಗ ಹತ್ತು ವರ್ಷದ ಹುಡುಗನಿಗೆ ಅದನ್ನು ಹೇಳಿಕೊಡಿ ನೋಡೋಣ. ‘ಹೀಗೆ ಓಡಿ ಬಾ, ಹೀಗೆ ಹಾರು, ಹಾಕು’ ಅಂತೀರಿ. ಅವನು ಓಡಿ ಬಂದು ಬಲಗಾಲಿನ ಮೇಲೇ ಹಾರಿ ಬಲಗೈಯಲ್ಲಿ ಎಸೆಯುತ್ತಾನೆ. ಬಾಲ್ ಬೋರ್ಡಿಗೆ ಬಡಿದು ಎಲ್ಲೋ ಹೋಗುತ್ತದೆ. ನೀವು ಮತ್ತೆ ಮಾಡಿ ತೋರಿಸುತ್ತೀರಿ. ಅವನು ಮತ್ತೆ ಹಾಗೇ ಮಾಡುತ್ತಾನೆ. ಚೆನ್ನಾಗಿ ಆಡಿದವರು ಸೋಲುವುದು ಇಲ್ಲೇ. ತಮ್ಮ ಕಾಲು ಏನು ಮಾಡುತ್ತಿದೆ ಅಂತ ಅವರು ಯಾವತ್ತೂ ಯೋಚಿಸಿರುವುದಿಲ್ಲ.

ನಾನು ಅದನ್ನು ಕೊನೆಯಿಂದ ಶುರು ಮಾಡುತ್ತೇನೆ. ಮೊದಲು ಬಾಲೇ ಇಲ್ಲ. ಹುಡುಗನನ್ನು ರಿಂಗಿನ ಬಲಕ್ಕೆ, ಹತ್ತಿರದಲ್ಲೇ ನಿಲ್ಲಿಸುತ್ತೇನೆ. ಎಡಗಾಲು ಊರಬೇಕು, ಬಲ ಮೊಣಕಾಲು ಮತ್ತು ಬಲಗೈ ಒಟ್ಟಿಗೆ ಮೇಲಕ್ಕೆ ಹೋಗಬೇಕು. ಮೊಣಕೈಗೂ ಮೊಣಕಾಲಿಗೂ ದಾರ ಕಟ್ಟಿ ಎಳೆದ ಹಾಗೆ. ಅದು ಬಂದ ಮೇಲೆ ಕೈಗೆ ಬಾಲ್ ಕೊಟ್ಟು, ‘ಬೋರ್ಡ್ ಮೇಲಿನ ಚೌಕದ ಬಲಮೂಲೆಗೆ ಮೆಲ್ಲಗೆ ತಾಗಿಸು’ ಅನ್ನುತ್ತೇನೆ. ಆಮೇಲೆ ಹೆಜ್ಜೆ ಸೇರಿಸುತ್ತೇನೆ: ಬಲ, ಎಡ, ಮೇಲೆ. ಡ್ರಿಬಲ್, ಅಂದರೆ ಬಾಲನ್ನು ನೆಲಕ್ಕೆ ಪುಟಿಸುತ್ತಾ ಬರೋದು, ಎಲ್ಲಕ್ಕಿಂತ ಕೊನೆಗೆ. ಕೆಲವು ಮಕ್ಕಳಿಗೆ ಎರಡು ದಿನಕ್ಕೇ ಬರುತ್ತದೆ, ಕೆಲವರಿಗೆ ತಿಂಗಳು ಹಿಡಿಯುತ್ತದೆ. ಆ ತಿಂಗಳು ಪೂರ್ತಿ ಬೈಯದೆ ಕಾಯೋಕೆ ಆಗುತ್ತಾ? ಇದನ್ನು ನಿಮ್ಮನ್ನೇ ಕೇಳಿಕೊಳ್ಳಿ.

ನೀವು ಪಾಯಿಂಟ್ ಗಾರ್ಡ್ ಅಂದಿರಿ. ಅದು ನಿಮಗೆ ದೊಡ್ಡ ಅನುಕೂಲ. ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡೋದೇ ನಿಮ್ಮ ಕೆಲಸವಾಗಿತ್ತಲ್ವಾ? ಆದರೂ ಆಡುವವರ ಕಣ್ಣು ಬಾಲ್ ಹಿಂದೆ ಹೋಗುತ್ತದೆ. ಕೋಚ್ ಕಣ್ಣು ಬಾಲ್ ಇಲ್ಲದ ಕಡೆ ಇರಬೇಕು. ಮುಂದಿನ ಸಲ ಮ್ಯಾಚ್ ನೋಡುವಾಗ ಒಂದು ಕ್ವಾರ್ಟರ್, ಅಂದರೆ ಪೂರ್ತಿ 10 ನಿಮಿಷ, ಒಬ್ಬನೇ ಡಿಫೆಂಡರ್‌ನ ಪಾದಗಳನ್ನು ಮಾತ್ರ ನೋಡಿ. ಅವನು ಯಾವಾಗ ನೆಟ್ಟಗೆ ನಿಲ್ಲುತ್ತಾನೆ, ಯಾವ ಕಡೆ ತಿರುಗುವಾಗ ತಡ ಮಾಡುತ್ತಾನೆ, ಸುಸ್ತಾದಾಗ ಏನು ಬಿಟ್ಟುಬಿಡುತ್ತಾನೆ ಅಂತ ಬರೆದಿಟ್ಟುಕೊಳ್ಳಿ. ಇದು ಕಷ್ಟದ ಕೆಲಸ. ಆದರೆ ಇದೇ ಕೋಚಿಂಗ್.

ಇನ್ನು ಓದಿನ ವಿಷಯ. ಪಟಿಯಾಲದಲ್ಲಿ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ನಾವೆಲ್ಲ ಎನ್‌ಐಎಸ್ ಅನ್ನೋದು ಅದನ್ನೇ. 1961ರಲ್ಲಿ ಶುರುವಾದದ್ದು. ಅಲ್ಲಿಯ ಕೋಚಿಂಗ್ ಡಿಪ್ಲೊಮಾಕ್ಕೆ ನಮ್ಮ ದೇಶದಲ್ಲಿ ಬಹಳ ಬೆಲೆ. ಕೆಲಸ ಬಿಟ್ಟು ಹೋಗಲು ಆಗದವರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ನೀವು ಅದರಿಂದಲೇ ಶುರು ಮಾಡಿ. ಅರ್ಜಿ ಹಾಕುವ ಮೊದಲು ಆ ವರ್ಷದ ಪ್ರಕಟಣೆ ಓದಿ, ಯೂನಿವರ್ಸಿಟಿಗೆ ಆಡಿದ ಪ್ರಮಾಣಪತ್ರಗಳನ್ನು ಈಗಲೇ ಹುಡುಕಿ ಇಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಪಿ.ಇ. ಮೇಷ್ಟ್ರು ಆಗುವ ಯೋಚನೆ ಇದ್ದರೆ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಬೇಕು. ಅದು ಬೇರೆ ದಾರಿ.

ಮನೆಯವರ ಪ್ರಶ್ನೆಗೆ ಬರುತ್ತೇನೆ. ಅವರು ಕೇಳಿದ್ದು ಸರಿಯಾಗಿಯೇ ಇದೆ, ಅವರ ಮೇಲೆ ಸಿಟ್ಟು ಮಾಡಬೇಡಿ. ಬೆಂಗಳೂರಿನಲ್ಲಿ ಇದ್ದಷ್ಟು ಅವಕಾಶ ನಮ್ಮ ಕಡೆ ಇಲ್ಲ. ದಾವಣಗೆರೆ ಅಂದರೆ ಮೊದಲು ಕುಸ್ತಿ, ಆಮೇಲೆ ಕ್ರಿಕೆಟ್. ಬ್ಯಾಸ್ಕೆಟ್‌ಬಾಲಿಗೆ ಮಕ್ಕಳು ಬರುವುದು ಏಪ್ರಿಲ್-ಮೇ ರಜೆಯಲ್ಲಿ ಜಾಸ್ತಿ. ಜೂನ್ ಬಂದರೆ ಟ್ಯೂಷನ್ ಅಂತ ಅರ್ಧ ಜನ ಹೋಗಿಬಿಡುತ್ತಾರೆ. ಹಾಗಾಗಿ ಈಗಿನ ಕೆಲಸ ಬಿಡಬೇಡಿ. ಶಿಫ್ಟ್ ನೋಡಿಕೊಂಡು ಬೆಳಗ್ಗೆಯೋ ಸಂಜೆಯೋ ಯಾರಾದರೂ ಹಿರಿಯ ಕೋಚ್ ಜೊತೆ ನಿಂತು ಕಲಿಯಿರಿ. ರೆಫರಿ ಪರೀಕ್ಷೆಯನ್ನೂ ಬರೆಯಿರಿ. ಕೈಗೆ ಸ್ವಲ್ಪ ಕಾಸೂ ಸಿಗುತ್ತದೆ, ನಿಯಮವೂ ಬಾಯಿಗೆ ಬರುತ್ತದೆ.

ದುಡ್ಡಿನ ಮಾತು ಮೊದಲೇ ಆಡಿಕೊಳ್ಳಿ. ಒಂದು ಶಾಲೆಯವರು ಬೇಸಿಗೆ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಮುಗಿದ ದಿನ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿ ಕಳಿಸಿದರು. ಒಪ್ಪಿದ್ದ ಸಂಭಾವನೆ ಬರಲೇ ಇಲ್ಲ. ಕೋಚ್ ಅಂದರೆ ಪ್ರೀತಿಗೆ ದುಡಿಯುವವರು ಅಂತ ಜನ ಅಂದುಕೊಂಡಿದ್ದಾರೆ. ಪ್ರೀತಿ ಇರುವುದು ನಿಜ. ಆದರೆ ನಮಗೂ ಮನೆ ಬಾಡಿಗೆ ಇದೆ.

ಕಾಲಿನ ಬಗ್ಗೆಯೂ ಒಂದು ಮಾತು. ಮಕ್ಕಳಿಗೆ ತೋರಿಸೋ ಹುರುಪಿನಲ್ಲಿ ಸಿಮೆಂಟ್ ಕೋರ್ಟಿನ ಮೇಲೆ ಹಾರಬೇಡಿ. ಚೆನ್ನಾಗಿ ಆಡುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದು ಮಾಡಿಸಿ. ನೀವು ಪಕ್ಕದಲ್ಲಿ ನಿಂತು ಮಾತಿನಲ್ಲಿ ಹೇಳಿ. ಆಗಲೇ ನಿಮಗೆ ಹೇಳೋದು ಬರುತ್ತದೆ.

ಪ್ರಶ್ನೆ: ದೊಡ್ಡ ಆಟಗಾರರೇ ದೊಡ್ಡ ಕೋಚ್ ಆಗುತ್ತಾರಾ? (ಹೊಸದುರ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಕೆಲವರು ಆಗಿದ್ದಾರೆ. ಬಿಲ್ ರಸೆಲ್ ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಆಡುತ್ತಲೇ ಕೋಚ್ ಕೂಡ ಆಗಿ 1968 ಮತ್ತು 1969ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಗೆದ್ದರು. ಆದರೆ ಮ್ಯಾಜಿಕ್ ಜಾನ್ಸನ್ ಅಂಥ ಮಹಾನ್ ಆಟಗಾರ 1994ರಲ್ಲಿ ಲೇಕರ್ಸ್ ತಂಡಕ್ಕೆ ಕೋಚ್ ಆದಾಗ 16 ಪಂದ್ಯದಲ್ಲಿ ಗೆದ್ದದ್ದು 5. ಅಲ್ಲಿಗೆ ಕೋಚಿಂಗ್ ಬಿಟ್ಟರು.

ನನಗೆ ಜಾಸ್ತಿ ಇಷ್ಟ ಸ್ಟೀವ್ ಕರ್. ಶಿಕಾಗೊ ಬುಲ್ಸ್‌ನಲ್ಲಿ ಮೈಕಲ್ ಜೋರ್ಡಾನ್ ಜೊತೆ ಆಡಿದವರು, ಹೆಚ್ಚಾಗಿ ಬೆಂಚಿನಿಂದ ಎದ್ದು ಬರುತ್ತಿದ್ದವರು. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಎಲ್ಲರೂ ಜೋರ್ಡಾನ್ ಮೇಲೆ ಬಿದ್ದಾಗ ಬಾಲ್ ಕರ್ ಕೈಗೆ ಬಂತು, ಗೆಲುವಿನ ಬುಟ್ಟಿ ಅವರೇ ಹಾಕಿದರು. ಆಟಗಾರನಾಗಿ ಐದು ಸಲ ಚಾಂಪಿಯನ್. ಆಮೇಲೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆಗಿ 2015, 2017, 2018 ಮತ್ತು 2022ರಲ್ಲಿ ಗೆದ್ದರು. ಬೆಂಚಿನ ಮೇಲೆ ಕೂತವರಿಗೆ ಆಟ ಚೆನ್ನಾಗಿ ಕಾಣುತ್ತದೆ ಅಂತ ನನ್ನ ನಂಬಿಕೆ. ನಮ್ಮಲ್ಲಿ ಬೆಂಚಿನ ಮಕ್ಕಳನ್ನು ನೀರಿನ ಬಾಟಲಿ ತರೋಕೆ ಇಟ್ಟುಕೊಳ್ಳುತ್ತಾರೆ. ನಾನು ಅವರ ಕೈಗೆ ಪುಸ್ತಕ ಕೊಟ್ಟು ಫೌಲ್, ಟರ್ನೋವರ್ (ಎದುರಾಳಿಗೆ ಬಾಲ್ ಬಿಟ್ಟುಕೊಟ್ಟದ್ದು) ಬರೆಸುತ್ತೇನೆ.

ಎರಿಕ್ ಸ್ಪೋಲ್‌ಸ್ಟ್ರಾ ಅಂತೂ ಎನ್‌ಬಿಎಯಲ್ಲಿ ಆಡಿದವರೇ ಅಲ್ಲ. ಮಯಾಮಿ ಹೀಟ್‌ನಲ್ಲಿ ವಿಡಿಯೊ ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿ 2012, 2013ರಲ್ಲಿ ಕೋಚ್ ಆಗಿ ಗೆದ್ದರು. ಹೆಣ್ಣುಮಕ್ಕಳಿಗೆ ನಾನು ಹೇಳುವ ಹೆಸರು ಡಾನ್ ಸ್ಟೇಲಿ. ಆಟಗಾರ್ತಿಯಾಗಿ ಅಮೆರಿಕಕ್ಕೆ 1996, 2000, 2004ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಟೋಕಿಯೊದಲ್ಲಿ ಅದೇ ತಂಡ ಮತ್ತೆ ಚಿನ್ನ ಗೆದ್ದಾಗ ಅವರೇ ಕೋಚ್. ಅವರೂ ಪಾಯಿಂಟ್ ಗಾರ್ಡ್. ಹರಿಹರದ ತಮ್ಮ ಇದನ್ನು ಓದಲಿ.

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಕುಳ್ಳಗಿದ್ದಾಳೆ. ಬ್ಯಾಸ್ಕೆಟ್‌ಬಾಲ್ ಆಡಿದರೆ ಎತ್ತರ ಬೆಳೆಯುತ್ತಾಳಾ? ರಿಂಗಿಗೆ ಬಾಲ್ ಮುಟ್ಟುವುದೇ ಇಲ್ಲ ಅಂತ ಅಳುತ್ತಾಳೆ. (ಚಳ್ಳಕೆರೆಯ ತಾಯಿ)

ಉತ್ತರ: ಅಕ್ಕ, ಆಟದಿಂದ ಎತ್ತರ ಬರುವುದಿಲ್ಲ. ಅದು ಮುಖ್ಯವಾಗಿ ಅಪ್ಪ-ಅಮ್ಮನಿಂದ ಬರುವುದು, ಜೊತೆಗೆ ಊಟ-ನಿದ್ದೆ ಚೆನ್ನಾಗಿರಬೇಕು ಅಷ್ಟೆ. ಎತ್ತರಕ್ಕಾಗಿ ಕಳಿಸಬೇಡಿ, ಅವಳಿಗೆ ಖುಷಿ ಇದ್ದರೆ ಕಳಿಸಿ. ಮಗ್ಸಿ ಬೋಗ್ಸ್ ಅನ್ನುವವರು 5 ಅಡಿ 3 ಇಂಚು ಇದ್ದುಕೊಂಡೇ 14 ಸೀಸನ್ ಎನ್‌ಬಿಎ ಆಡಿದರು, ಆಮೇಲೆ ಮಹಿಳಾ ತಂಡಕ್ಕೆ ಕೋಚೂ ಆದರು.

ಅವಳು ಅಳುವುದರಲ್ಲಿ ಅವಳ ತಪ್ಪಿಲ್ಲ. ದೊಡ್ಡವರ ರಿಂಗು 3.05 ಮೀಟರ್ ಎತ್ತರ. 12 ವರ್ಷದೊಳಗಿನ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲಿಗೆ 2.60 ಮೀಟರ್ ಸಾಕು, ಬಾಲೂ 5ನೇ ಸೈಜಿನ ಚಿಕ್ಕದು. ದೊಡ್ಡ ಬಾಲನ್ನು ಎತ್ತರದ ರಿಂಗಿಗೆ ಸೊಂಟದಿಂದ ತೂರಿ ಎಸೆದು ಅಭ್ಯಾಸ ಆದರೆ ಆಮೇಲೆ ಅದನ್ನು ಬಿಡಿಸೋದು ಬಹಳ ಕಷ್ಟ. ಕೋಚ್ ಹತ್ತಿರ ಸಣ್ಣ ಬಾಲ್ ಕೇಳಿ. ಇಲ್ಲ ಅಂದರೆ ನೀವೇ ಒಂದು ಕೊಡಿಸಿ.

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಹಳ್ಳಿ ಶಾಲೆಯಲ್ಲಿ ಪಿ.ಇ. ಮೇಷ್ಟ್ರು ನಾನು. ನಮ್ಮಲ್ಲಿರುವುದು ಒಂದೇ ರಿಂಗು, ಹಳೇ ಕಂಬ. ಏನು ಆಡಿಸಲಿ?

ಉತ್ತರ: ಸರ್, ತ್ರೀ-ಬೈ-ತ್ರೀ ಆಡಿಸಿ. ಅದಕ್ಕೆ ಬೇಕಿರುವುದೇ ಒಂದು ರಿಂಗು, ಅರ್ಧ ಕೋರ್ಟ್. ಟೋಕಿಯೊದಿಂದ ಅದು ಒಲಿಂಪಿಕ್ಸ್‌ನಲ್ಲೂ ಇದೆ. ಒಂದು ಕಡೆ ಮೂವರು, ಜೊತೆಗೆ ಒಬ್ಬ ಬದಲಿ. 10 ನಿಮಿಷ, ಅಥವಾ ಯಾರು ಮೊದಲು 21 ಮಾಡುತ್ತಾರೋ ಅವರು ಗೆದ್ದ ಹಾಗೆ. ರಿಂಗಿನ ಮುಂದೆ ನೆಲದ ಮೇಲೆ ಎಳೆದ ಕಮಾನು ಗೆರೆಯ ಒಳಗಿಂದ ಹಾಕಿದರೆ 1 ಪಾಯಿಂಟ್, ಹೊರಗಿಂದ 2. ಆಟ ನಡೆಯುವಾಗ ಕೋಚ್ ಬದಿಯಲ್ಲಿ ನಿಂತು ಹೇಳಿಕೊಡುವಂತಿಲ್ಲ. ಅದಕ್ಕೇ ನನಗೆ ಈ ಆಟ ಇಷ್ಟ. ಯಾರನ್ನು ಯಾರು ಕಾಯಬೇಕು, ಯಾರನ್ನು ಬದಲಿಸಬೇಕು ಎಲ್ಲವನ್ನೂ ಮಕ್ಕಳೇ ಮಾತಾಡಿಕೊಳ್ಳಬೇಕು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೂ ಅಲ್ಲಿ ಕೂಗಿ ಹೇಳುತ್ತಾರೆ.

ಆದರೆ ಅದಕ್ಕೂ ಮೊದಲು ಆ ಹಳೇ ಕಂಬವನ್ನು ವೆಲ್ಡರ್ ಒಬ್ಬರಿಗೆ ತೋರಿಸಿ. ನೆಲಕ್ಕೆ ತಾಗುವ ಕಡೆ ತುಕ್ಕು ಹಿಡಿದಿದೆಯಾ, ಬೋರ್ಡಿನ ಬೋಲ್ಟ್ ಸಡಿಲ ಇದೆಯಾ ಅಂತ ನೋಡಿಸಿ. ರಿಂಗಿಗೆ ಜೋತು ಬೀಳಲು ಯಾವ ಮಗುವನ್ನೂ ಬಿಡಬೇಡಿ. ಕಂಬ ಸರಿ ಇಲ್ಲ ಅಂದರೆ ಅದು ರಿಪೇರಿ ಆಗುವವರೆಗೆ ಗೋಡೆಗೆ ಪಾಸಿಂಗ್, ಡ್ರಿಬಲ್ ಮಾಡಿಸುತ್ತಿರಿ.