150 ಜನಕ್ಕೆ ಕಿತ್ತಳೆ ಡ್ರಿಂಕ್ ಪುಡಿ ಎಷ್ಟು ಬೇಕು? ಚಮಚದಲ್ಲೇ ಎಣಿಸಬೇಕಾ?

ಗೃಹಪ್ರವೇಶಕ್ಕೆ 150 ಜನ ಬರ್ತಾರೆ, ಪ್ಯಾಕೆಟ್ ಮೇಲೆ ಲೋಟಕ್ಕೆ ಎರಡು ಚಮಚ ಅಂತಿದೆ, ಮುನ್ನೂರು ಚಮಚ ಎಣಿಸಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಒಬ್ಬರು ಚಮಚದ ತುಂಬಾ ಗೋಪುರ ಮಾಡಿ ಹಾಕ್ತಾರೆ, ಇನ್ನೊಬ್ಬರು ಮಟ್ಟ ಮಾಡಿ. ಮುನ್ನೂರು ಸಲ ಆದಾಗ ಆ ವ್ಯತ್ಯಾಸ ಕೆಜಿ ಲೆಕ್ಕಕ್ಕೆ ಹೋಗುತ್ತೆ. ಅದೂ ಅಲ್ಲದೆ ನಡುವೆ ಪುರೋಹಿತರು ಅರಿಶಿನ ಎಲ್ಲಿ ಅಂತ ಕೂಗ್ತಾರೆ, ಎಣಿಕೆ ಅಲ್ಲಿಗೇ ಮರೆತುಹೋಯ್ತು.

ನಾನು ತುಮಕೂರಿನಲ್ಲಿ ಸಮಾರಂಭಗಳ ಅಡುಗೆ ಕೆಲಸದವನು. ನಮ್ಮಲ್ಲಿ ತೂಕದ ಲೆಕ್ಕ ಮಾತ್ರ. ಪ್ಯಾಕೆಟ್ ಹಿಂದೆ ಎಷ್ಟು ನೀರಿಗೆ ಎಷ್ಟು ಗ್ರಾಂ ಅಂತ ಇರುತ್ತೆ, ನೋಡಿ. 200 ಮಿಲಿಗೆ 20 ಗ್ರಾಂ ಅಂತಿದ್ದರೆ ಲೀಟರಿಗೆ 100 ಗ್ರಾಂ ಆಯ್ತು. ಪೇಪರ್ ಕಪ್ಪಿಗೆ 150 ಮಿಲಿ ಹಿಡಿದರೂ 150 ಜನಕ್ಕೆ ಇಪ್ಪತ್ತೆರಡೂವರೆ ಲೀಟರ್. ಎರಡನೇ ಸಲ ಕೇಳುವವರು, ಮಕ್ಕಳು ಎಲ್ಲ ಸೇರಿ 30 ಲೀಟರ್ ಇಟ್ಟುಕೊಳ್ಳಿ. 3 ಕೆಜಿ ಪುಡಿ ಸಾಕು. ಮಂಡಿಪೇಟೆಯಲ್ಲಿ ಅರ್ಧ ಕೆಜಿ ಪ್ಯಾಕೆಟ್ ಆರು ತಂದರೆ ತಕ್ಕಡಿಯೂ ಬೇಡ. ಸಕ್ಕರೆ ನಾವೇ ಹಾಕುವ ಸಣ್ಣ ಪ್ಯಾಕೆಟ್ ಆದರೆ ಈ ಲೆಕ್ಕ ಬರಲ್ಲ, ಅದರ ಮೇಲೆ ಎಷ್ಟು ಲೋಟ ಅಂತಿದೆಯೋ ಅದನ್ನೇ ನಂಬಿ.

ಇನ್ನು ನೀರು. 20 ಲೀಟರ್ ಕ್ಯಾನ್ ಭರ್ತಿ ಇರುವಾಗ ಅದರೊಳಗೇ ಪುಡಿ ಸುರಿಯಬೇಡಿ. ಸಕ್ಕರೆ ಕರಗಿದರೂ ಜಾಗ ತಗೊಳ್ಳುತ್ತೆ, ಕೆಜಿಗೆ ಸುಮಾರು 600 ಮಿಲಿ. 2 ಕೆಜಿ ಹಾಕಿದರೆ ಒಂದು ಲೀಟರಿಗೂ ಜಾಸ್ತಿ ಆಚೆ ಚೆಲ್ಲುತ್ತೆ. ದೊಡ್ಡ ಸ್ಟೀಲ್ ಕೊಳದಪ್ಪಲೆ ತಗೊಳ್ಳಿ. ಅಜ್ಜಿ ಕಾಲದ ಹಿತ್ತಾಳೆ, ತಾಮ್ರದ ಪಾತ್ರೆ ಚೆನ್ನಾಗಿ ಕಾಣುತ್ತೆ ನಿಜ, ಆದರೆ ಪುಡಿಯಲ್ಲಿ ಸಿಟ್ರಿಕ್ ಆಸಿಡ್ ಇರುತ್ತೆ, ಹುಳಿಗೆ ಅದು ಆಗಲ್ಲ. ಗಡಸು ಬೋರ್ ನೀರೂ ಬೇಡ, ಹುಳಿ ಸಪ್ಪಗಾಗುತ್ತೆ.

ಮೊದಲು ನಾಲ್ಕೈದು ಲೀಟರ್ ನೀರು ಹಾಕಿ, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಸೌಟಿನಿಂದ ತಿರುವಿ. ಪುಡಿ ಹಾಕಿ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತೆ. ತಳದಲ್ಲಿ ಕರಕರ ಅನ್ನೋದು ನಿಂತ ಮೇಲೆ ಉಳಿದ ನೀರು. ಜಗ್ಗಿಗೆ ತುಂಬುವಾಗೆಲ್ಲ ಒಂದು ಸಲ ಕಲಕಿ.

ಐಸ್ ಒಳಗೆ ಹಾಕೋದಾದರೆ ಅದನ್ನೂ ನೀರು ಅಂತಲೇ ಎಣಿಸಬೇಕು. 5 ಕೆಜಿ ಐಸ್ ಕರಗಿದರೆ 5 ಲೀಟರ್ ನೀರು, ಅಷ್ಟನ್ನು ಮೊದಲೇ ಕಳೆಯಿರಿ. ನನ್ನ ಕೇಳಿದರೆ ಗಡ್ಡೆ ಐಸ್ ಪಾತ್ರೆಯ ಹೊರಗೇ ಇಡಿ. ಅದನ್ನು ಯಾವ ನೀರಲ್ಲಿ ಮಾಡಿರ್ತಾರೋ ಯಾರಿಗೆ ಗೊತ್ತು! ರುಚಿ ನೋಡೋದು ತಣ್ಣಗಾದ ಮೇಲೆ. ತಣ್ಣಗಿದ್ದಾಗ ಸಿಹಿ ಕಮ್ಮಿ ಅನಿಸುತ್ತೆ.

ಎಲ್ಲಾ ಒಟ್ಟಿಗೆ ಕಲಸಬೇಡಿ. ಮೊದಲು 20 ಲೀಟರ್ ಮಾಡಿ, ಜನ ನೋಡಿಕೊಂಡು ಉಳಿದ 10. ಒಡೆಯದ ಪ್ಯಾಕೆಟ್ ವಾಪಸ್ ತಗೋತೀರಾ ಅಂತ ತರುವಾಗಲೇ ಅಂಗಡಿಯವರನ್ನು ಕೇಳಿಬಿಡಿ.